ಮಾವ್ಶಿಯ ಬಂಡೆಯಿಂದ ಜತ್ತದ ಬಯಲಿಗೆ

ಬಸ್ಸಿನಿಂದ ಇಳಿದ ನನ್ನನ್ನು ಮೊದಲು ಹೆದರಿಸಿದ್ದು ಆಕಾಶ. ಯಲ್ಲಾಪುರದ ಕಾಡಿನಲ್ಲಿ ಬೆಳೆದ ನನಗೆ ಆಕಾಶವೆಂದರೆ ಮರಗಳ ತಲೆಯ ನಡುವೆ ಕಾಣುವ ಒಂದು ತುಂಡು. ಉಮದಿಯ ಬಸ್ ನಿಲ್ದಾಣದ ಮುಂದೆ ಅದು ನಾಲ್ಕೂ ದಿಕ್ಕಿನಲ್ಲಿ ನೆಲದವರೆಗೆ ಇಳಿದುಬಂದಿತ್ತು. ದೂರದ ದಿಬ್ಬದ ಮೇಲೆ ಗಾಳಿಯಂತ್ರಗಳ ಬಿಳಿ ರೆಕ್ಕೆಗಳು ಸುತ್ತುತ್ತಿದ್ದವು. ಇಲ್ಲಿ ಯಾರು ಬೇಕಾದರೂ ನನ್ನನ್ನು ಒಂದು ಮೈಲಿ ಆಚೆಯಿಂದಲೇ ನೋಡಬಹುದು ಅನ್ನಿಸಿತು. ನೋಡುತ್ತಲೂ ಇದ್ದರು. ಚಹಾದಂಗಡಿಯ ಮುಂದಿನ ಮಾತುಕತೆ ನಿಂತೇ ಹೋಗಿತ್ತು.

ರುಮಾಲು ಸುತ್ತಿದ ಮುದುಕರೊಬ್ಬರು ಹತ್ತಿರ ಬಂದು, ಕೈಸನ್ನೆ ಸೇರಿಸಿ, ಹಿಂದಿಯಲ್ಲಿ ಕೇಳಿದರು: "ಕೌನ್ಸಾ ದೇಶ್?"

"ನಾನು ಯಲ್ಲಾಪುರದವಳು ಅಜ್ಜಾ. ಪಕ್ಕದ ಊರಿನ ಹೈಸ್ಕೂಲಿಗೆ ಟೀಚರಾಗಿ ಬಂದಿದ್ದೇನೆ. ಆ ಊರಿನ ಕಡೆಗೆ ಟೆಂಪೊ ಎಲ್ಲಿ ಸಿಗುತ್ತದೆ?" ಅಂದೆ.

ಅಜ್ಜ ಹಿಂದಕ್ಕೆ ತಿರುಗಿ ಕೂಗಿದರು. "ಏ, ಈಕಿ ಕನ್ನಡಾ ಮಾತಾಡ್ತಾಳಲೇ!" ಆಮೇಲೆ ನನಗೆ, "ಎಲ್ಲಿ ಕಲ್ತಿ ತಂಗಿ ಕನ್ನಡಾ?"

"ಶಾಲೆಯಲ್ಲಿ ಅಜ್ಜಾ."

"ನಾ ಸಾಲಿಗೇ ಹೋಗಿಲ್ಲ. ಹಂಗಾರ ನಿಂದ ನನಗಿಂತ ಚಲೋ ಇರಬೇಕು. ಬಾ, ಕುಂದ್ರು, ಚಾ ಕುಡಿ" ಎಂದು ಬೆಂಚಿನ ಮೇಲೆ ಜಾಗ ಬಿಟ್ಟುಕೊಟ್ಟರು.

ಜತ್ತ ತಾಲೂಕಿನಲ್ಲಿ ನನ್ನ ಬಾಳು ಶುರುವಾದದ್ದು ಹೀಗೆ. ಯಲ್ಲಾಪುರದ ಕಡೆಯ ನೀವೆಲ್ಲ ಫೋನಿನಲ್ಲಿ ಕೇಳುತ್ತಲೇ ಇರುತ್ತೀರಿ: ಅಲ್ಲಿ ಹೇಗಿದ್ದೀ, ಯಾರ ಜೊತೆ ಇದ್ದೀ, ಏನು ತಿನ್ನುತ್ತೀ ಎಂದು. ಫೋನಿನಲ್ಲಿ "ಚೆನ್ನಾಗಿದ್ದೇನೆ" ಎಂದು ಮುಗಿಸಿಬಿಡುತ್ತೇನೆ. ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನನ್ನನ್ನು ತಿಳಿಯದವರಿಗೆ ಒಂದು ಮಾತು. ನಾನು ಸುಮಿತ್ರಾ, ಸಿದ್ದಿ ಸಮುದಾಯದವಳು. ನಮ್ಮ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಮಕ್ಕಳು ನಾವು. ನಮ್ಮಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಮೈಬಣ್ಣ ಒಂದೇ, ಗುಂಗುರು ಕೂದಲು ಒಂದೇ, ಮನೆಯಲ್ಲಿ ಆಡುವ ಕೊಂಕಣಿ ಬೆರೆತ ಮಾತೂ ಒಂದೇ. ನಮ್ಮ ಪೂರ್ವಜರ ಭಾಷೆ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಗಣಿತ ಓದಿ ಬಿ.ಎಡ್. ಮುಗಿಸಿದ ಮೇಲೆ ಊರಿನ ಸುತ್ತಮುತ್ತ ಕೆಲಸ ಸಿಗಲಿಲ್ಲ. ಗಡಿಯಾಚೆ ಕನ್ನಡ ಮಾಧ್ಯಮದ ಖಾಸಗಿ ಹೈಸ್ಕೂಲೊಂದರಲ್ಲಿ ಗಣಿತದವರು ಬೇಕಾಗಿದ್ದಾರೆಂದು ಗೆಳತಿ ಹೇಳಿದಳು. ಮಹಾರಾಷ್ಟ್ರದಲ್ಲಿ ಕನ್ನಡ ಶಾಲೆಯೇ ಎಂದು ಆಶ್ಚರ್ಯಪಟ್ಟೆ. ಉಮದಿಯ ಹತ್ತಿರದ ಆ ಊರಿನಲ್ಲಿ ಹೆಚ್ಚಿನವರ ಮನೆಮಾತು ಕನ್ನಡವೇ. ಪಂಚಾಯತಿ, ಬಸ್ಸಿನ ಬೋರ್ಡು, ಸರಕಾರಿ ಕಾಗದ ಮಾತ್ರ ಮರಾಠಿ.

ಮನೆ ಹುಡುಕಿದ್ದು ಒಂದು ಕಥೆ. ಹೆಡ್ ಮಾಸ್ತರರು ಫೋನಿನಲ್ಲೇ ಒಂದು ಕೋಣೆ ಗೊತ್ತುಮಾಡಿದ್ದರು. ಮನೆಯೊಡತಿ ಗೌರವ್ವ, ಲಿಂಗವಂತರ ಮನೆಯ ವಿಧವೆ, ಊರಿನಲ್ಲಿ ಕಿರಾಣಿ ಅಂಗಡಿ ನಡೆಸುವವರು. 'ಸುಮಿತ್ರಾ ಸಿದ್ದಿ' ಎಂಬ ಹೆಸರು ಕೇಳಿ ಸಿದ್ಧೇಶ್ವರನ ಒಕ್ಕಲಿನವಳಿರಬೇಕೆಂದು ತಿಳಿದು, ಕೂಡಲೇ ಒಪ್ಪಿದ್ದರಂತೆ. ಟೆಂಪೊದಿಂದ ಇಳಿದ ನನ್ನನ್ನು ಬಾಗಿಲಲ್ಲಿ ನಿಂತು ನೋಡಿದರು. ನನ್ನ ಟ್ರಂಕು ನೋಡಿದರು. ಮತ್ತೆ ನನ್ನನ್ನು ನೋಡಿದರು. ಆ ನೋಟ ನನಗೆ ಹೊಸದಲ್ಲ. ಮುಂದೆ 'ಕೋಣೆ ಖಾಲಿ ಇಲ್ಲರಿ' ಎಂಬ ಮಾತು ಬರುತ್ತದೆಂದು ಕಾದೆ.

"ಸಿದ್ದಿ ಅಂದ್ರ ಏನ್ರಿ ಅಕ್ಕೋರ?" ಎಂದರು. ಇಲ್ಲಿ ಶಿಕ್ಷಕಿಯರನ್ನು ಅಕ್ಕೋರ ಎನ್ನುತ್ತಾರೆ.

ಹೇಳಿದೆ. ಬಾಗಿಲಲ್ಲೇ ನಿಂತು, ಹಡಗು, ಕಾಡು ಎಲ್ಲವನ್ನೂ. ಪೂರ್ತಿ ಕೇಳಿ, "ಅಡ್ಡಿ ಇಲ್ಲ. ಆದ್ರ ಈ ಮನ್ಯಾಗ ಮಾಂಸ-ಮೀನ ನಡ್ಯಂಗಿಲ್ಲ. ಅದೊಂದ ನೋಡ್ಕೋರಿ" ಎಂದು ಟ್ರಂಕಿನ ಒಂದು ಹಿಡಿಗೆ ತಾವೇ ಕೈ ಹಾಕಿದರು.

ಒಪ್ಪಿದೆ. ಒಪ್ಪುವಾಗ ಅದೆಷ್ಟು ಕಷ್ಟವೆಂದು ತಿಳಿದಿರಲಿಲ್ಲ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮಡಕಿ ಕಾಳಿನ ಪಲ್ಯ: ಇವೆಲ್ಲ ರುಚಿಯೇ. ಗೌರವ್ವನ ರೊಟ್ಟಿ ಬಡಿಯುವ ಸದ್ದಿಗೆ ಬೆಳಗಾಗುವುದೂ ಅಭ್ಯಾಸವಾಯಿತು. ಆದರೆ ನನ್ನ ನಾಲಿಗೆ ಕೆಂಡದ ಮೇಲೆ ಸುಟ್ಟ ಒಣಮೀನನ್ನೂ, ಕೆಂಪಿರುವೆಯ ಹುಳಿ ಚಟ್ನಿಯನ್ನೂ ಕೇಳುತ್ತಿತ್ತು. ಪಾಠ ಮಾಡುವಾಗ ಕಾರಣವಿಲ್ಲದೆ ಬಾಯಲ್ಲಿ ನೀರೂರುತ್ತಿತ್ತು. ನಮ್ಮಲ್ಲಿ ಮಳೆ ಸುರಿದು ಕಟ್ಟಿಗೆ ಒದ್ದೆಯಾಗುವ ತಿಂಗಳಲ್ಲಿ ಇಲ್ಲಿ ಮಕ್ಕಳು ಮೋಡ ಬಂದರೆ ಕಿಟಕಿಗೆ ಓಡುತ್ತಿದ್ದರು. ಮೋಡ ಬರುತ್ತಿತ್ತು, ಗಾಳಿ ಅದನ್ನು ಹೊತ್ತುಕೊಂಡು ಮುಂದೆ ಹೋಗುತ್ತಿತ್ತು.

ಮಾತಿನ ವಿಷಯ ಇನ್ನೂ ವಿಚಿತ್ರ. ನಾನು ಕನ್ನಡದವಳೆಂಬ ಧೈರ್ಯದಿಂದ ಬಂದಿದ್ದೆ. ಮೊದಲ ವಾರ ಒಬ್ಬ ಹುಡುಗ "ಅಕ್ಕೋರ, ನಾಳಿ ಸೂಟಿ ಅದ ಏನ್ರಿ?" ಎಂದ. ನಾಳೆ ಯಾರಾದರೂ ಸೂಟು ತೊಟ್ಟು ಬರುತ್ತಾರೇನೋ ಎಂದು ಯೋಚಿಸಿದೆ. ಸೂಟಿ ಎಂದರೆ ರಜೆ, ಮರಾಠಿಯ ಸುಟ್ಟಿ. ಇನ್ನೊಂದು ಕಡೆ, ಎಂದೂ ಕಲಿಯದ ಮರಾಠಿ ಅರ್ಧಕ್ಕರ್ಧ ತಿಳಿಯುತ್ತಿತ್ತು. ಬಸ್ಸಿನಲ್ಲಿ ಒಬ್ಬ ತಾಯಿ ಮಗಳಿಗೆ "ಐಕ" ಎಂದಳು. ಕೇಳು ಎಂದು. ನನ್ನ ಅವ್ವ ಮನೆಯಲ್ಲಿ "ಆಯ್ಕ" ಎನ್ನುತ್ತಾಳೆ. ತಟ್ಟನೆ ತಿರುಗಿ ನೋಡಿದೆ. ಗುರುತಿಲ್ಲದ ಹೆಂಗಸು. ಮುಂದಿನ ನಿಲ್ದಾಣದವರೆಗೂ ಕಿಟಕಿಯ ಕಡೆಗೆ ಮುಖ ಮಾಡಿಕೊಂಡು ಕೂತೆ.

ಊರಿನಲ್ಲಿ ನಾನು ಬಿಟ್ಟುಬಂದದ್ದರಲ್ಲಿ ಎಲ್ಲಕ್ಕಿಂತ ಹೆಚ್ಚು ನೆನಪಾಗುತ್ತಿದ್ದುದು ಭಾನುವಾರದ ಬಂಡೆ.

ನಮ್ಮ ಕೇರಿಯ ಮೇಲೆ, ಕಾಡು ತೆರೆದುಕೊಳ್ಳುವಲ್ಲಿ, ಅಗಲವಾದ ಕರಿಬಂಡೆಯೊಂದಿದೆ. ಅಲ್ಲಿ ಕತ್ರಿನ್ ಮಾವ್ಶಿ ಸಿದ್ದಿ ಹುಡುಗ-ಹುಡುಗಿಯರನ್ನು ಸೇರಿಸುತ್ತಿದ್ದರು. ಮಾವ್ಶಿ ಎಂದರೆ ನಮ್ಮಲ್ಲಿ ಚಿಕ್ಕಮ್ಮ. ಅವರು ನನ್ನ ಅವ್ವನ ತಂಗಿಯಲ್ಲ, ಕೇರಿಗೆಲ್ಲ ಮಾವ್ಶಿ. ಹರೆಯದಲ್ಲಿ ಹೆಂಗಸರ ಸಂಘ ಕಟ್ಟಿದವರು, ಕಾಡಿನ ಹಕ್ಕುಗಳಿಗಾಗಿ ಕಚೇರಿ ಅಲೆದವರು. ನಮ್ಮ ಮಕ್ಕಳು ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಒಂದು ಮಾತೂ ಆಡದೆ, ಒಂದು ದಿನ ಸದ್ದಿಲ್ಲದೆ ಶಾಲೆ ಬಿಡುವುದನ್ನು ನೋಡಿ ನೋಡಿ ಈ ಕೂಟ ಶುರುಮಾಡಿದ್ದರು. ಎಲ್ಲರೂ ದುಂಡಗೆ ಕೂರಬೇಕು. ಒಬ್ಬೊಬ್ಬರೇ ಎದ್ದು ತನ್ನ ಹೆಸರು, ಅವ್ವನ ಹೆಸರು, ತನಗೇನು ಬೇಕು ಎಂಬುದನ್ನು ಹೇಳಬೇಕು. ಎಷ್ಟು ಹೊತ್ತು ತೆಗೆದುಕೊಂಡರೂ ಸರಿ, ಉಳಿದವರು ಕಾಯಬೇಕು.

"ಎದ್ದು ನಿಂತವರ ಮಾತು ನೀವು ಆಡಬೇಡಿ" ಎನ್ನುತ್ತಿದ್ದರು ಮಾವ್ಶಿ. "ನಮ್ಮ ಪರವಾಗಿ ಮಾತಾಡಿದವರು ಬೇಕಾದಷ್ಟು ಜನ ಇದ್ದರು. ಅದರಿಂದಲೇ ನಮ್ಮ ಬಾಯಿ ಕಟ್ಟಿದ್ದು."

ಹನ್ನೆರಡನೆಯ ವಯಸ್ಸಿನಲ್ಲಿ ನಾನು ಆ ಬಂಡೆಯ ಮೇಲೆ ಎದ್ದು ನಿಂತು, ಒಂದು ಶಬ್ದವೂ ಹೊರಡದೆ ಅತ್ತಿದ್ದೆ. ಯಾರೂ ನಗಲಿಲ್ಲ, ಯಾರೂ ಸಮಾಧಾನವನ್ನೂ ಮಾಡಲಿಲ್ಲ. ಕಾದರು. ಕೊನೆಗೆ "ನನಗೆ ಮುಂದಿನ ಬೆಂಚು ಬೇಕು" ಅಂದೆ. ಮರುದಿನವೇ ಮಾವ್ಶಿ ಶಾಲೆಯ ಬಾಗಿಲಿನವರೆಗೆ ನನ್ನ ಜೊತೆ ಬಂದರು. ಒಳಗೆ ಬರಲಿಲ್ಲ. ಮುಂದಿನ ಬೆಂಚನ್ನು ನಾನೇ ಕೇಳಿದೆ, ಸಿಕ್ಕಿತು. ದೊಡ್ಡವಳಾದ ಮೇಲೆ ಮಾವ್ಶಿಗೆ ಜೊತೆಯಾಗಿ ಆ ಕೂಟ ನಡೆಸಿದೆ. ಚಿಕ್ಕವರಿಗೆ ಲೆಕ್ಕ ಹೇಳಿಕೊಟ್ಟೆ, ದೊಡ್ಡವರಿಗೆ ಗ್ರಾಮಸಭೆಯಲ್ಲಿ ಹೇಗೆ ಕೇಳಬೇಕೆಂದು ಕಲಿಸಿದೆ. ಮಾವ್ಶಿಯ ನಂತರ ಬಂಡೆ ನನ್ನದೇ ಎಂದು ಎಲ್ಲರೂ ತಿಳಿದಿದ್ದರು. ನಾನೂ ತಿಳಿದಿದ್ದೆ.

ಇಲ್ಲಿಗೆ ಬಂದ ಮೇಲೆ ಪ್ರತಿ ಭಾನುವಾರ ಫೋನು ಮಾಡುತ್ತಿದ್ದೆ. ಬಂಡೆಯ ಒಂದು ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತದೆ. ಹುಡುಗರು ಫೋನನ್ನು ಅಲ್ಲಿಟ್ಟು ಸುತ್ತ ಕೂರುತ್ತಿದ್ದರು. ನಾನು ಗೌರವ್ವನ ಮಾಳಿಗೆಯ ಮೇಲೆ, ಬಿಸಿಲಿಗೆ ಹಾಕಿದ ಮೆಣಸಿನಕಾಯಿಯ ಪಕ್ಕದಲ್ಲಿ. ಅವರ ಮಾತಿನ ಹಿಂದೆ ಹಕ್ಕಿ, ಜೀರುಂಡೆ, ಎಲೆಯ ಮೇಲೆ ಹನಿ ಬೀಳುವ ಸದ್ದು ಕೇಳುತ್ತಿತ್ತು. ಕೆಲವೊಮ್ಮೆ ಅವರ ಮಾತು ಬಿಟ್ಟು ಅದನ್ನೇ ಕೇಳುತ್ತ ಕೂರುತ್ತಿದ್ದೆ. "ಟೀಚರ್, ಇದ್ದೀರಾ?" ಎಂದು ಅವರೇ ಎಚ್ಚರಿಸಬೇಕಿತ್ತು.

ಹೀಗೊಂದು ಭಾನುವಾರ ರೇಣುಕಾಳ ದನಿ ಕೇಳಲಿಲ್ಲ. ಬಂಡೆಯ ಕೂಟದಲ್ಲಿ ಎಲ್ಲರಿಗಿಂತ ಚುರುಕಿನ ಹುಡುಗಿ ಅವಳು. ಹತ್ತನೆಯದು ಒಳ್ಳೆಯ ಅಂಕದಲ್ಲಿ ಮುಗಿಸಿ ದೂರದ ಪಟ್ಟಣದ ಕಾಲೇಜು, ಹಾಸ್ಟೆಲ್ಲು ಸೇರಿದ್ದಳು. ಕೇಳಿದರೆ, "ಕಾಲೇಜು ಬಿಟ್ಟು ಬಂದಿದ್ದಾಳೆ, ಯಾರ ಜೊತೆಯೂ ಮಾತಾಡುವುದಿಲ್ಲ" ಎಂದರು ಮಾವ್ಶಿ. ಹಾಸ್ಟೆಲ್ಲಿನಲ್ಲಿ ಅವಳ ಕೂದಲನ್ನು ಎಳೆದು ನೋಡುತ್ತಿದ್ದರಂತೆ. ಮನೆಗೆ ಫೋನು ಮಾಡಿ ನಮ್ಮ ಮನೆಮಾತು ಆಡಿದರೆ ಅಣಕಿಸುತ್ತಿದ್ದರಂತೆ. ಕಾಲೇಜಿನ ಹಬ್ಬಕ್ಕೆ, ಎಲೆ ಕಟ್ಟಿಕೊಂಡು ಮುಖಕ್ಕೆ ಬಣ್ಣ ಬಳಿದುಕೊಂಡು ವೇದಿಕೆಯ ಮೇಲೆ ಕುಣಿ ಎಂದರಂತೆ. ಅವಳು ಭರತನಾಟ್ಯದ ಗುಂಪಿಗೆ ಹೆಸರು ಕೊಟ್ಟಿದ್ದಳು. ಅಲ್ಲಿ ಜಾಗವಿಲ್ಲ, ಇಲ್ಲಿ ಕುಣಿ ಎಂದರಂತೆ. ಮರುದಿನ ಬಟ್ಟೆ ಕಟ್ಟಿಕೊಂಡು ಊರಿನ ಬಸ್ಸು ಹತ್ತಿದ್ದಳು. ಈಗ ಗೋವಾದಲ್ಲಿ ಮನೆಗೆಲಸಕ್ಕೆ ಹೋಗುವ ಮಾತು ನಡೆದಿತ್ತು.

"ನನ್ನ ಹತ್ತಿರ ಕಳಿಸಿ ಮಾವ್ಶಿ" ಅಂದೆ.

ದಸರೆಯ ಸೂಟಿಯಲ್ಲಿ ನಾನೇ ಹೋಗಿ ಕರೆತಂದೆ. ವಿಜಯಪುರದಿಂದ ಇಲ್ಲಿಯವರೆಗೆ ಬಸ್ಸಿನಲ್ಲಿ ಅವಳು ದುಪಟ್ಟಾದಿಂದ ತಲೆ ಮುಚ್ಚಿಕೊಂಡೇ ಕೂತಿದ್ದಳು. ಚಹಾದಂಗಡಿಯ ಹುಡುಗರು "ಏ, ವೆಸ್ಟ್ ಇಂಡೀಸ್ ಟೀಮ್ ಬಂತು" ಎಂದರು. ಅಷ್ಟರಲ್ಲಾಗಲೇ ಅದು ನನಗೆ ಅಭ್ಯಾಸವಾಗಿತ್ತು. ಅವಳ ಬೆರಳುಗಳು ನನ್ನ ತೋಳಿಗೆ ಚುಚ್ಚಿದವು.

ಕೆಲವು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ಗೌರವ್ವ ಗಮನಿಸುತ್ತಲೇ ಇದ್ದರು. ಒಂದು ಮಧ್ಯಾಹ್ನ ಅವಳ ಎದುರು ಕೂತು ಕೇಳಿದರು.

"ನಿಮ್ಮವ್ವ ಮನ್ಯಾಗ ಏನ ಮಾಡಿ ಹಾಕ್ತಾಳ ನಿನಗ? ಹೇಳ, ನಾ ಮಾಡ್ತೀನಿ."

ರೇಣುಕಾ ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. ಆಮೇಲೆ ಅವಳೇ ಮೆಲ್ಲಗೆ "ಒಣಮೀನು" ಅಂದಳು.

ಗೌರವ್ವ ಎದ್ದು ಒಳಗೆ ಹೋದರು. ಮುಗಿಯಿತು, ನಾಳೆ ಇಬ್ಬರೂ ಬೇರೆ ಮನೆ ನೋಡಬೇಕು ಎಂದುಕೊಂಡೆ. ಅವರು ವಿಭೂತಿ ಹಚ್ಚಿಕೊಂಡು, ಸೆರಗು ಸರಿಮಾಡಿಕೊಂಡು ಹೊರಬಂದರು.

"ನನ್ನ ಒಲಿ ಮ್ಯಾಲ ಬ್ಯಾಡ. ಹಿತ್ತಲದಾಗ ಮೂರ ಕಲ್ಲ ಇಟ್ಕೋರಿ. ಗಾಳಿ ಆ ಕಡೆ ಬೀಸೂ ದಿವಸ ಮಾಡ್ಕೋರಿ. ನಾ ಆವತ್ತ ಗುಡ್ಡಾಪುರಕ್ಕ ದಾನಮ್ಮನ ದರ್ಶನಕ್ಕ ಹೋಗಿರ್ತೀನಿ. ನನಗೇನೂ ಗೊತ್ತಿಲ್ಲ."

ಅದರ ಮುಂದಿನ ಅಮಾವಾಸ್ಯೆ ಗೌರವ್ವ ಗುಡ್ಡಾಪುರದ ಬಸ್ಸು ಹತ್ತಿದರು. ನಾವಿಬ್ಬರೂ ಹಿತ್ತಲಲ್ಲಿ ಕೂತು, ಊರಿನಿಂದ ಬಂದ ಒಣಮೀನು ಸುಟ್ಟು ತಿಂದೆವು. ರೇಣುಕಾ ಕಣ್ಣೀರು ಸುರಿಸುತ್ತ ತಿಂದಳು. ಹೊಗೆಯಿಂದ ಎಂದಳು. ನಾನೂ ಹಾಗೇ ಅಂದೆ.

ನಮ್ಮ ಶಾಲೆಗೆ ದೂರದ ವಸ್ತಿಗಳಿಂದ ಮಕ್ಕಳು ಬರುತ್ತಾರೆ. ವಸ್ತಿ ಎಂದರೆ ಊರಿನಿಂದಾಚೆ ಹೊಲಗಳಲ್ಲೇ ಇರುವ ನಾಲ್ಕಾರು ಮನೆ. ಹೆಚ್ಚಿನವರು ಕುರಿ ಕಾಯುವವರು. ಪಾಠದ ನಡುವೆ ನನ್ನ ಕಣ್ಣು ಅವರ ಹೆಣ್ಣುಮಕ್ಕಳ ಮೇಲೇ ಹೋಗುತ್ತಿತ್ತು. ಹಿಂದಿನ ಸಾಲು, ಬಗ್ಗಿದ ತಲೆ, ಕೇಳಿದ್ದಕ್ಕೆ ತುಟಿಯಲ್ಲೇ ಉತ್ತರ. ತಾಲೂಕಿನ ಕಾರ್ಯಕ್ರಮಗಳಲ್ಲಿ ಮರಾಠಿ ಶಾಲೆಯ ಮಕ್ಕಳ ಮುಂದೆ ಅವರು ಇನ್ನಷ್ಟು ಚಿಕ್ಕವರಾಗುತ್ತಿದ್ದರು. ಅವರ ಬಣ್ಣ ನಮ್ಮದಲ್ಲ. ಆದರೆ ಆ ಮೌನವನ್ನು ನಾನು ಎಲ್ಲಿದ್ದರೂ ಗುರುತಿಸುತ್ತಿದ್ದೆ.

ಶನಿವಾರ ಶಾಲೆ ಅರ್ಧ ದಿನ. ಆಮೇಲೆ ಬೇವಿನ ಮರದ ಕೆಳಗೆ ಅವರನ್ನು ದುಂಡಗೆ ಕೂರಿಸಿ, ಮಾವ್ಶಿಯ ಕ್ರಮದಲ್ಲೇ ಕೂಟ ಶುರುಮಾಡಿದೆ. ರೇಣುಕಾ ಮೊದಲು ದೂರ ಕೂತಿದ್ದಳು. ಎರಡನೆಯ ಶನಿವಾರ ಒಂದು ಹುಡುಗಿ ಅವಳ ಹತ್ತಿರ ಹೋಗಿ ನಿಂತಿತು. ಎಂಟನೆಯ ತರಗತಿಯ ಮಾಯವ್ವ.

"ಅಕ್ಕಾ, ನಿನ್ನ ಕೂದಲ ಮುಟ್ಟಲಿ?"

ರೇಣುಕಾಳ ಮುಖ ಕಲ್ಲಾಯಿತು. ಆಮೇಲೆ ಏನನ್ನಿಸಿತೋ, "ಯಾಕೆ?" ಎಂದಳು.

"ನಮ್ಮ ಕುರಿಮರಿದ ಉಣ್ಣೆ ಹಿಂಗ ಇರತದ. ಭಾಳ ಮೆತ್ತಗ. ನನಗ ಭಾಳ ಸೇರತದ."

ಅದನ್ನು ಬೈಗುಳವೆಂದು ತೆಗೆದುಕೊಳ್ಳುವುದೋ ಹೊಗಳಿಕೆಯೆಂದೋ ಎಂದು ರೇಣುಕಾ ಒಂದು ಗಳಿಗೆ ಆ ಮುಖವನ್ನು ಹುಡುಕಿದಳು. ಆ ಹುಡುಗಿ ಕೇಳಿದ್ದಳಲ್ಲ, ಕೇಳದೆ ಎಳೆದಿರಲಿಲ್ಲವಲ್ಲ. ದುಪಟ್ಟಾ ಸರಿಸಿ ತಲೆ ಬಗ್ಗಿಸಿದಳು. ಆವತ್ತು ಅವಳು ದುಂಡಿನೊಳಗೆ ಬಂದು ಕೂತಳು. ತಲೆ ಮತ್ತೆ ಮುಚ್ಚಿಕೊಳ್ಳಲಿಲ್ಲ.

ಆ ಕೂಟದಲ್ಲೇ ಮಾಯವ್ವ ತನಗೇನು ಬೇಕೆಂದು ಹೇಳಿದ್ದು. ಬಸ್ಸು ಅವರ ವಸ್ತಿಯ ಮುಂದಿನಿಂದಲೇ ಹೋಗುತ್ತದೆ. ಅಲ್ಲಿ ನಿಲುಗಡೆ ಇಲ್ಲ. ಅಪ್ಪ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೋದಾಗ, ಶಾಲೆಯವರೆಗಿನ ಒಂಟಿ ದಾರಿಯಲ್ಲಿ ಜೊತೆಗೆ ಬರುವವರಿಲ್ಲ. ಎಂಟನೆಯದು ಮುಗಿದರೆ ಸಾಕು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ವಸ್ತಿಯ ಇನ್ನೂ ಕೆಲವು ಹುಡುಗಿಯರದು ಇದೇ ಪಾಡು. ಹೆಡ್ ಮಾಸ್ತರರನ್ನು ವಿಚಾರಿಸಿದೆವು. ಗ್ರಾಮಸಭೆ ಠರಾವು ಮಾಡಿ ಕಳಿಸಿದರೆ ನಿಲುಗಡೆ ಸಿಗಬಹುದು ಎಂದರು.

"ನೀವೇ ಕೇಳಿ ಟೀಚರ್, ನಿಮ್ಮ ಮಾತು ಕೇಳುತ್ತಾರೆ" ಎಂದಳು ರೇಣುಕಾ.

"ನನಗೆ ಮರಾಠಿ ಅಷ್ಟು ಬಾರದಲ್ಲ. ಅಲ್ಲಿ ಠರಾವು ಬರೆದುಕೊಳ್ಳುವ ಗ್ರಾಮಸೇವಕರು ಮರಾಠಿಯವರು."

ಅವಳು ಯೋಚಿಸಿದಳು. "ನನಗೆ ಬರುತ್ತದೆ. ಗೌರವ್ವನ ಅಂಗಡಿಗೆ ಬರುವ ಮರಾಠಿ ಹೆಂಗಸರ ಹತ್ತಿರ ನಾನೇ ವ್ಯಾಪಾರ ಮಾಡುತ್ತೇನೆ. ನಮ್ಮ ಮಾತಿನ ಅಕ್ಕತಂಗಿಯೇ ಅಲ್ಲವಾ ಅದು." ಹಾಸ್ಟೆಲ್ಲಿನಲ್ಲಿ ಅವಳು ಅಣಕಿಸಿಕೊಂಡದ್ದು ಆ ಮನೆಮಾತಿಗೇ. ಈಗ ಅದನ್ನೇ ಅವಳು ಹೀಗೆ ಸಲೀಸಾಗಿ ಹೇಳಿಕೊಂಡಳು.

ದಿನವೂ ಸಂಜೆ ಅವಳು ವಸ್ತಿಗೆ ಹೋಗಿ ಹುಡುಗಿಯರನ್ನು ತಯಾರು ಮಾಡಿದಳು. ಹಟ್ಟಿಯ ಮುಂದೆ ಮಾಯವ್ವ ನಿಂತು ಕುರಿಗಳಿಗೆ ಭಾಷಣ ಮಾಡುತ್ತಿದ್ದಳಂತೆ. ರೇಣುಕಾ ಸರಪಂಚರಾಗಿ ಕೂತು ಗದರುತ್ತಿದ್ದಳಂತೆ. ಮನೆಗೆ ಬಂದು ಹೇಳಿ ನಗುತ್ತಿದ್ದಳು.

ಗ್ರಾಮಸಭೆ ಪಂಚಾಯತಿಯ ಮುಂದಿನ ಚಪ್ಪರದಲ್ಲಿ ನಡೆಯಿತು. ನೀರು, ರಸ್ತೆ, ಮನೆಗಳ ಮಾತು ಮುಗಿದ ಮೇಲೆ ರೇಣುಕಾ ಎದ್ದು, ಹುಡುಗಿಯರು ಒಂದು ವಿಷಯ ಹೇಳಬೇಕೆಂದಿದ್ದಾರೆ ಎಂದು ಮರಾಠಿಯಲ್ಲಿ ಹೇಳಿದಳು. ಕೂಡಲೇ ಮುಂದೆ ಕೂತಿದ್ದ ಹಿರಿಯರೊಬ್ಬರು ತಡೆದರು.

"ಈಕಿ ಯಾರು? ನಮ್ಮೂರಾಕಿ ಅಲ್ಲ, ನಮ್ಮ ನಾಡಿನಾಕಿನೂ ಅಲ್ಲ. ಈಕಿ ಯಾಕ ಮಾತಾಡಬೇಕು ಇಲ್ಲಿ?"

ಚಪ್ಪರದಲ್ಲಿ ನಗು ಎದ್ದಿತು. ನಾನು ಏಳಲು ಹೊರಟೆ. ಗೌರವ್ವ ಪಕ್ಕದಿಂದ ನನ್ನ ಸೆರಗು ಹಿಡಿದು ಕೂರಿಸಿದರು.

ರೇಣುಕಾಳ ಕುತ್ತಿಗೆಯ ನರ ಎದ್ದದ್ದು ನನಗೆ ಕಂಡಿತು. ಹಾಸ್ಟೆಲ್ಲು ಬಿಟ್ಟು ಬಂದ ದಿನವೂ ಹೀಗೇ ಇದ್ದಿರಬೇಕು. ಈಗ ಅವಳು ಹೋಗಲಿಲ್ಲ.

"ಹೌದು ಕಾಕಾ, ನಾ ಹೊರಗಿನವಳು. ನಾ ಮಾತಾಡುವುದಿಲ್ಲ. ಮಾಯವ್ವ ನಿಮ್ಮೂರವಳು, ಅವಳು ಮಾತಾಡ್ತಾಳೆ" ಎಂದು ಕನ್ನಡದಲ್ಲೇ ಹೇಳಿ, ಹುಡುಗಿಯ ಬೆನ್ನ ಹಿಂದೆ ಕೆಳಗೆ ಕೂತುಬಿಟ್ಟಳು.

ಮಾಯವ್ವ ನಿಂತಳು. ಲಂಗದ ಅಂಚು ಹಿಂಡುತ್ತ ನಿಂತೇ ಇದ್ದಳು. ಮಾತು ಬರಲಿಲ್ಲ. ಜನ ಗುಸುಗುಸು ಶುರುಮಾಡಿದರು. ನಮ್ಮ ಹೆಡ್ ಮಾಸ್ತರರು ಪಾಪ ಅನ್ನಿಸಿ, "ಅದೇನಂದ್ರ..." ಎಂದು ಅವಳ ಪರವಾಗಿ ಶುರುಮಾಡಿದರು.

"ಥೋಡಾ ಥಾಂಬಾ, ಸರ್." ರೇಣುಕಾಳ ದನಿ. ಸ್ವಲ್ಪ ತಡೆಯಿರಿ ಎಂದು. ಹೆಡ್ ಮಾಸ್ತರರು ಬಾಯಿ ಮುಚ್ಚಿದರು. ಗ್ರಾಮಸೇವಕರು ಪೆನ್ನು ಕೆಳಗಿಟ್ಟರು. ಇಡೀ ಚಪ್ಪರ ಕಾಯಿತು.

"ನನ್ನ ಹೆಸರ ಮಾಯವ್ವ" ಎಂದಿತು ಹುಡುಗಿ ಕೊನೆಗೆ. "ನಮ್ಮವ್ವನ ಹೆಸರ ಬಾಳವ್ವ. ಬಸ್ಸ ದಿನಾ ನಮ್ಮ ವಸ್ತಿ ಮುಂದಿಂದ ಹೋಗತದ. ನಾವ ಕೈ ಮಾಡ್ತೀವಿ. ಸ್ಟಾಪ್ ಇಲ್ಲಂತ ನಿಲ್ಲಂಗಿಲ್ಲ. ನಮ್ಮಪ್ಪ ಕುರಿ ಹೊಡಕೊಂಡ ಹ್ವಾದ್ರ ನನ್ನ ಸಾಲಿಗೆ ಬಿಡಾಕ ಯಾರೂ ಇಲ್ಲ. ಮುಂದಿನ ವರ್ಷ ಸಾಲಿ ಬಿಡಸ್ತಾರ. ನೀವ ಠರಾವ ಮಾಡಿ ಕೊಟ್ರ ಬಸ್ಸ ನಿಲ್ಲತದಂತ." ಉಸಿರು ತೆಗೆದುಕೊಂಡಳು. "ನನಗ ಸಾಲಿ ಬಿಡೂದ ಬ್ಯಾಡಾಗ್ಯದ."

ತಡೆದಿದ್ದ ಹಿರಿಯರು ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡರು. "ನನ್ನ ಮೊಮ್ಮಗಳೂ ಅದ ಹಾದ್ಯಾಗ ಬರ್ತಾಳ" ಎಂದರು, ಯಾರಿಗೆಂದಿಲ್ಲದೆ. ಆಮೇಲೆ ಗಟ್ಟಿಯಾಗಿ, "ಬರಕೋರಿ ಠರಾವ. ಯಾರ ಬ್ಯಾಡ ಅಂತಾರ?"

ಬೇಸಿಗೆ ಬರುವ ಮೊದಲೇ ವಸ್ತಿಯ ಮುಂದೆ ಬಸ್ಸು ನಿಲ್ಲತೊಡಗಿತು. ಮೊದಲ ದಿನ ಹುಡುಗಿಯರೆಲ್ಲ ಹಬ್ಬದ ಬಟ್ಟೆ ಹಾಕಿಕೊಂಡು ಬಂದಿದ್ದರು. ಹೆಡ್ ಮಾಸ್ತರರು ಸಮವಸ್ತ್ರದ ಮಾತೆತ್ತಲಿಲ್ಲ.

ಆ ಬೇಸಿಗೆಯಲ್ಲಿ ರೇಣುಕಾ ಊರಿಗೆ ಹೊರಟಳು. ಹತ್ತಿರದ ಇನ್ನೊಂದು ಕಾಲೇಜಿಗೆ ಸೇರುತ್ತೇನೆ, ಮನೆಯಿಂದಲೇ ಹೋಗಿಬರುತ್ತೇನೆ ಎಂದಳು. ಗೌರವ್ವ ಅವಳಿಗೆ ಶೇಂಗಾ ಹಿಂಡಿ, ಖಡಕ್ ರೊಟ್ಟಿ ಕಟ್ಟಿಕೊಟ್ಟು, ಹಣೆಗೆ ವಿಭೂತಿ ಹಚ್ಚಿದರು. ಅವಳು ಹೋದ ಮೇಲೆ ಕೋಣೆ ಎಷ್ಟು ದೊಡ್ಡದಾಯಿತೆಂದರೆ, ಬಂದ ಹೊಸದರಲ್ಲಿ ಆಕಾಶ ಕಂಡು ಹೆದರಿದಂತೆ ಗೋಡೆಗಳನ್ನು ಕಂಡು ಹೆದರಿದೆ. ಒಣಮೀನು ಉಳಿದಿತ್ತು. ಒಬ್ಬಳೇ ಸುಟ್ಟುಕೊಳ್ಳಲು ಮನಸ್ಸಾಗಲಿಲ್ಲ.

ಮತ್ತೊಂದು ವರ್ಷ ಹೀಗೇ ಕಳೆಯಿತು. ಮಾವ್ಶಿಗೆ ಮಂಡಿನೋವು ಹೆಚ್ಚಾಗಿ ಬಂಡೆ ಹತ್ತಲು ಆಗುವುದಿಲ್ಲವೆಂಬ ಸುದ್ದಿ ಬಂತು. ಇನ್ನೊಬ್ಬರಿಗೆ ಕೂಟ ವಹಿಸಿಕೊಡುತ್ತಾರಂತೆ ಎಂದೂ ಕೇಳಿದೆ. ಆ ದಿನದಿಂದ ನನ್ನ ಕಾಲು ಇಲ್ಲಿ ನಿಲ್ಲಲಿಲ್ಲ. ಯಲ್ಲಾಪುರದ ಕಡೆ ಖಾಸಗಿ ಶಾಲೆಯೊಂದರಲ್ಲಿ ಜಾಗ ಇದೆಯೇ ಎಂದು ವಿಚಾರಿಸಿದೆ. ಈ ವರ್ಷ ಮುಗಿದ ಮೇಲೆ ಹೋಗಬಹುದು ಎಂದು ಹೆಡ್ ಮಾಸ್ತರರಿಗೆ ಸೂಚಿಸಿದೆ. ಗೌರವ್ವನಿಗೆ ಹೇಳಿದಾಗ, "ನಿಮ್ಮೂರು, ನಿಮ್ಮ ಮಂದಿ. ನಾ ಹೆಂಗ ಬ್ಯಾಡನ್ನಲಿ?" ಎಂದು ಅಂಗಡಿಯ ತಕ್ಕಡಿ ಒರೆಸತೊಡಗಿದರು. ಆಗಲೇ ಒರೆಸಿದ್ದ ತಕ್ಕಡಿ ಅದು.

ನನ್ನನ್ನು ಕರೆಯುತ್ತಾರೆಂದು ಕಾಯುತ್ತಿದ್ದೆ. ಬಂದ ದಿನದಿಂದ ಅದಕ್ಕಾಗಿಯೇ ಕಾಯುತ್ತಿದ್ದೆ ಎಂದು ಆಗ ತಿಳಿಯಿತು.

ಭಾನುವಾರ ಮಾವ್ಶಿಯೇ ಫೋನು ಮಾಡಿದರು. "ಸುಮಿತ್ರಾ, ಆಯ್ಕ. ಮಕ್ಕಳೆಲ್ಲ ಕೂತು ಆರಿಸಿದರು. ರೇಣುಕಾಗೆ ಕೊಟ್ಟೆವು."

"ಒಳ್ಳೆಯದಾಯಿತು ಮಾವ್ಶಿ."

"ಬೇಜಾರಾಯಿತಾ?"

"ಇಲ್ಲ."

"ಸುಳ್ಳು ಹೇಳಬೇಡ. ಆಗಲಿ ಬಿಡು. ಬಿಟ್ಟುಕೊಟ್ಟು ನನಗೂ ನಿದ್ದೆ ಬಂದಿಲ್ಲ." ಆಮೇಲೆ ಹೇಳಿದರು: "ನೀನು ಕಾಡಿಗೆ ಬಾ, ಯಾರು ಬೇಡ ಅಂತಾರೆ. ಆದರೆ ಬಂಡೆಗಾಗಿ ಬರಬೇಡ. ಅದು ಈಗ ಅವಳದು. ಅಲ್ಲಿ ಬೇವಿನ ಮರದ ಕೆಳಗೆ ಎಷ್ಟು ಮಕ್ಕಳು ಕೂರುತ್ತಾರೆ?"

ಹೇಳಿದೆ. ಹೇಳುವಾಗ ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬಂತು. ಕುರಿ ಕಾಯುವವರ ಮಕ್ಕಳು, ರೈತರ ಮಕ್ಕಳು. ಈ ವರ್ಷ ಮಾಯವ್ವನೇ ಅವರನ್ನು ದುಂಡಗೆ ಕೂರಿಸುತ್ತಾಳೆ.

ಆಮೇಲೆ ರೇಣುಕಾ ಫೋನು ತೆಗೆದುಕೊಂಡಳು. "ಟೀಚರ್, ನನಗೆ ಭಯ ಆಗ್ತಿದೆ" ಅಂದಳು. ಹೇಗೆ ನಡೆಸಬೇಕೆಂದು ಹೇಳಿಕೊಡಲು ಬಾಯಿ ತೆರೆದೆ. ಹಾಗೇ ಮುಚ್ಚಿದೆ. ಬಂಡೆಯ ಮೂಲೆಯಲ್ಲಿ ಗಾಳಿಗೆ ಎಲೆ ಅಲುಗುವುದು ಕೇಳಿಸುತ್ತಿತ್ತು. ಬಹಳ ಹೊತ್ತಿನ ಮೇಲೆ ಅವಳೇ, "ನಮ್ಮ ಕೇರಿಯ ಒಬ್ಬ ಚಿಕ್ಕ ಹುಡುಗನನ್ನು ಮೊದಲು ಎಬ್ಬಿಸುತ್ತೇನೆ. ಅವನು ಇನ್ನೂ ಒಂದು ಸಲವೂ ಮಾತಾಡಿಲ್ಲ" ಎಂದಳು. "ಹಾಗೇ ಮಾಡು" ಅಂದೆ.

ಬೇಸಿಗೆಯ ಸೂಟಿಗೆ ಊರಿಗೆ ಹೋದೆ. ಅವ್ವನ ಕೈಯಿಂದ ಒಣಮೀನು ತಿಂದೆ, ಹಳ್ಳದಲ್ಲಿ ಮುಳುಗಿ ಮಿಂದೆ, ಮರಗಳ ಕೆಳಗೆ ಕಣ್ಣು ಮುಚ್ಚಿ ಮಲಗಿದೆ. ಬಂಡೆಯ ಮೇಲೆ ಎಲ್ಲರ ಹಿಂದೆ ಕೂತು ರೇಣುಕಾ ಕೂಟ ನಡೆಸುವುದನ್ನು ನೋಡಿದೆ. ಅವಳು ಒಮ್ಮೆಯೂ ನನ್ನ ಕಡೆ ತಿರುಗಿ ಸರಿಯೇ ಎಂದು ಕೇಳಲಿಲ್ಲ. ಹೆಮ್ಮೆಯೆಂದರೆ ಇಷ್ಟು ನೋಯುತ್ತದೆಂದು ನನಗೆ ಗೊತ್ತಿರಲಿಲ್ಲ. ಯಲ್ಲಾಪುರದ ಶಾಲೆಯವರು ಜಾಗ ಇದೆ, ಬನ್ನಿ ಎಂದರು. ಯೋಚಿಸಿ ಹೇಳುತ್ತೇನೆ ಅಂದೆ. ಇನ್ನೂ ಹೇಳಿಲ್ಲ. ಮಳೆ ಹಿಡಿದುಕೊಳ್ಳುವ ಮೊದಲು ಜತ್ತದ ಕಡೆಗೆ ಹೊರಟೆ. ಅಲ್ಲಿ ಶಾಲೆ ಶುರುವಾಗುತ್ತಿತ್ತು.

ವಿಜಯಪುರ ದಾಟಿದ ಮೇಲೆ ಮರಗಳು ಒಂದೊಂದಾಗಿ ಮುಗಿದವು. ಗೌರವ್ವ ಬಸ್ ನಿಲ್ದಾಣಕ್ಕೇ ಬಂದಿದ್ದರು. ಕೋಣೆ ಗುಡಿಸಿ, ಮಡಕೆಯಲ್ಲಿ ನೀರು ತುಂಬಿಟ್ಟಿದ್ದರು. ಅವ್ವ ಕೊಟ್ಟ ಕಟ್ಟು ಬಿಚ್ಚುತ್ತಿರುವಾಗ ಅವಳದೇ ಫೋನು ಬಂತು.

"ಮುಟ್ಟಿದೆಯಾ?"

"ಹೂಂ ಅವ್ವಾ, ಈಗಷ್ಟೇ ಮನೆ ಮುಟ್ಟಿದೆ" ಅಂದೆ.

ಹೇಳಿದ ಮೇಲೆ 'ಮನೆ' ಎಂಬ ಆ ಮಾತು ನನಗೆ ಕೇಳಿಸಿತು. ಅವ್ವನಿಗೂ ಕೇಳಿಸಿತ್ತು. ಆ ಕಡೆಯಿಂದ ಮಳೆ ಸುರಿಯುವ ಸದ್ದು ಮಾತ್ರ ಬರುತ್ತಿತ್ತು. ಈ ವರ್ಷದ ಮೊದಲ ಮಳೆ, ನಾನು ಬಿಟ್ಟು ಬಂದ ದಿನವೇ. ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಆಯಿತು" ಎಂದಳು ಕೊನೆಗೆ. "ಕೈಕಾಲು ತೊಳೆದುಕೊಂಡು ಊಟ ಮಾಡು. ನಿನ್ನ ಗೌರವ್ವ ಕಾಯುತ್ತಿರಬೇಕು."